ಸದಾಹರು ಓ ಒಂಟಿಕಾಲಲ್ಲಿ ನಿಂತು 868 ಹೋಮ್ ರನ್ ಹೊಡೆದದ್ದು ಹೇಗೆ? ಆ ದಾಖಲೆಯ ತೂಕ ಎಷ್ಟು?

ನಿಮ್ಮ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳಿವೆ. ಜಪಾನಿನ ಬೇಸ್‌ಬಾಲ್ ಆಟಗಾರ ಸದಾಹರು ಓ ಅವರಿಗೆ ಬಲ ಬಂದದ್ದು ಕಾಲೆತ್ತಿ ನಿಲ್ಲುವುದರಿಂದಲೇ? ಅವರ 868 ಹೋಮ್ ರನ್‌ಗಳನ್ನು (ಚೆಂಡನ್ನು ಬೇಲಿಯಾಚೆ ಕಳಿಸಿದ ಹೊಡೆತಗಳನ್ನು) ಅಮೆರಿಕದ ಹ್ಯಾಂಕ್ ಆರನ್ ಅವರ 755ರ ಪಕ್ಕ ಇಡಬಹುದೇ? ಕ್ರಿಕೆಟ್ ಆಡುವವರು ಆ ಭಂಗಿಯನ್ನು ಕಲಿಯಬಹುದೇ?

ಮೊದಲನೆಯದಕ್ಕೆ ನೇರವಾಗಿ ಹೇಳುತ್ತೇನೆ: ಅವರು ಕಾಲೆತ್ತಿದ್ದು ಬಲಕ್ಕಾಗಿ ಅಲ್ಲ, ಆತುರ ಬಿಡಿಸಿಕೊಳ್ಳುವುದಕ್ಕೆ.

ಓ 1959ರಲ್ಲಿ ಟೋಕಿಯೊದ ಯೊಮಿಯುರಿ ಜಯಂಟ್ಸ್ ತಂಡ ಸೇರಿದಾಗ ಹೆಸರು ಮಾಡಿದ್ದು ಬ್ಯಾಟಿನಿಂದಲ್ಲ. 1957ರ ವಸಂತಕಾಲದ ಕೋಶಿಯೆನ್ ಶಾಲಾ ಪಂದ್ಯಾವಳಿಯಲ್ಲಿ ವಾಸೆದಾ ಜಿತ್ಸುಗ್ಯೋ ಶಾಲೆಯನ್ನು ಗೆಲ್ಲಿಸಿದ ಪಿಚರ್, ಅಂದರೆ ಚೆಂಡೆಸೆಯುವವರು, ಅವರು. ಬೆರಳಿನ ಬೊಬ್ಬೆ ಒಡೆದು ರಕ್ತ ಬರುತ್ತಿದ್ದರೂ ಎಸೆದಿದ್ದರು. ತಂದೆ ಚೀನಾದವರು, ತಾಯಿ ಜಪಾನಿನವರು. ಜಪಾನಿನ ಪೌರತ್ವ ಇಲ್ಲವೆಂಬ ಕಾರಣಕ್ಕೆ ಅದೇ ವರ್ಷದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಆಡಲು ಬಿಡಲಿಲ್ಲ. ಇವತ್ತು ಓದಿದರೂ ನೋವಾಗುವ ಸಂಗತಿ ಅದು.

ಜಯಂಟ್ಸ್ ಅವರನ್ನು ಫಸ್ಟ್ ಬೇಸ್ ಕಾಯಲು ಕಳಿಸಿ ಬ್ಯಾಟ್ ಕೊಟ್ಟಿತು. ಮೊದಲ 26 ಸಲ ಒಂದೇ ಒಂದು ಹಿಟ್ (ಬೇಸ್ ತಲುಪಿಸುವ ಹೊಡೆತ) ಇಲ್ಲ. ಆಮೇಲೆ ಬಂದ ಮೊದಲ ಹಿಟ್ಟೇ ಹೋಮ್ ರನ್. ಆದರೂ ಆ ವರ್ಷದ ಸರಾಸರಿ .161 (ಸಾವಿರ ಸಲಕ್ಕೆ 161 ಹಿಟ್‌ನ ಲೆಕ್ಕ), ಹೋಮ್ ರನ್ ಬರೀ 7, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಔಟಾಗುವುದು) 72. ಮರುವರ್ಷ ಸ್ಟ್ರೈಕ್‌ಔಟ್ 101ಕ್ಕೆ ಏರಿತು. 1961ರಲ್ಲಿ ಹೋಮ್ ರನ್ 13.

ತೊಂದರೆ ಇದ್ದದ್ದು ತೋಳಲ್ಲಲ್ಲ, ಮುಂಗಾಲಲ್ಲಿ. ಎಡಗೈ ಬ್ಯಾಟರ್‌ಗೆ ಮುಂಗಾಲು ಎಂದರೆ ಬಲಗಾಲು. ಪಿಚರ್ ನಿಲ್ಲುವುದು 18.44 ಮೀಟರ್ ದೂರದಲ್ಲಿ. 140 ಕಿಲೋಮೀಟರ್ ವೇಗದ ಚೆಂಡು ಬ್ಯಾಟರ್ ಬಳಿ ಬರಲು ಅರ್ಧ ಸೆಕೆಂಡ್ ಕೂಡ ಬೇಡ. ಓ ಅವರ ಬಲಗಾಲು ಚೆಂಡಿಗಿಂತ ಮೊದಲೇ ನೆಲಕ್ಕೆ ಊರುತ್ತಿತ್ತು, ಅದರ ಹಿಂದೆಯೇ ಮೈತೂಕ ಮುಂದಕ್ಕೆ ಹೋಗಿಬಿಡುತ್ತಿತ್ತು. ಇನ್ನೊಂದು ಕಡೆ ಕೈಗಳು ಹೊಡೆತಕ್ಕೆ ಮುಂಚೆ ಒಮ್ಮೆ ಕೆಳಗಿಳಿದು ಮೇಲೇರುತ್ತಿದ್ದವು. ಮೈ ಮುಂದೆ, ಬ್ಯಾಟ್ ಹಿಂದೆ. ಹೀಗಾದರೆ ವೇಗದ ಚೆಂಡಿಗೆ ಬ್ಯಾಟ್ ತಡವಾಗುತ್ತದೆ, ನಿಧಾನದ ಚೆಂಡಿಗೆ ತಳ್ಳಲು ತೂಕವೇ ಉಳಿದಿರುವುದಿಲ್ಲ.

1962ರಲ್ಲಿ ಬ್ಯಾಟಿಂಗ್ ಕೋಚ್ ಆಗಿ ಬಂದವರು ಹಿರೋಶಿ ಅರಾಕಾವಾ. ಬಲಗೈ ಕಡೆ ನಿಂತು ಹೊಡೆಯುತ್ತಿದ್ದ ಬಾಲಕ ಓಗೆ ಎಡಗೈ ಕಡೆ ನಿಲ್ಲು ಎಂದು ವರ್ಷಗಳ ಹಿಂದೆ ಹೇಳಿದ್ದವರೂ ಅವರೇ. ಮುಂಗಾಲನ್ನು ಎತ್ತಿಯೇ ಇಟ್ಟರೆ ಅದು ಮುಂಚೆ ಊರುವುದು ಹೇಗೆ? ಅರಾಕಾವಾ ಮಾಡಿಸಿದ್ದು ಅದನ್ನೇ. ಪಿಚರ್ ಎಸೆಯಲು ಕಾಲೆತ್ತಿದಾಗ ಓ ಕೂಡ ಬಲಮೊಣಕಾಲನ್ನು ಸೊಂಟದ ಮಟ್ಟಕ್ಕೆ ಎತ್ತಬೇಕು. ಪೂರ್ತಿ ತೂಕ ಎಡಗಾಲ ಮೇಲೆ. ಚೆಂಡು ಹತ್ತಿರ ಬಂದಾಗಲೇ ಕಾಲು ಇಳಿಯಬೇಕು. 1962ರ ಜುಲೈ 1ರಂದು ಕಾವಾಸಾಕಿಯಲ್ಲಿ ತೈಯೋ ವೇಲ್ಸ್ ವಿರುದ್ಧ ಮೊದಲ ಸಲ ಹಾಗೆ ನಿಂತರು, ಅಂದೇ ಹೋಮ್ ರನ್ ಬಂತು. ವರ್ಷದ ಕೊನೆಗೆ 38. ಅಲ್ಲಿಂದ 1974ರವರೆಗೆ ಸತತ 13 ವರ್ಷ ಲೀಗ್‌ನಲ್ಲಿ ಅತಿ ಹೆಚ್ಚು ಹೋಮ್ ರನ್ ಅವರದೇ.

ಆದರೆ ಒಂಟಿಕಾಲಿನ ನಿಲುವು ಅಲುಗಾಡಿದರೆ ಮೊದಲಿಗಿಂತ ಕೆಡುತ್ತದೆ. ಅದಕ್ಕೆ ಅರಾಕಾವಾ ಓ ಅವರನ್ನು ಜಪಾನಿನ ಸಮರಕಲೆ ಐಕಿಡೋ ಕಡೆಗೆ ಕರೆದೊಯ್ದರು, ಕೈಗೆ ನಿಜವಾದ ಕತ್ತಿ ಕೊಟ್ಟರು. ಚಾಪೆ ಹಾಸಿದ ಕೋಣೆಯಲ್ಲಿ ಸೂರಿನಿಂದ ಒಂದು ಕಾಗದದ ಪಟ್ಟಿ ತೂಗುಬಿಟ್ಟಿರುತ್ತಾರೆ, ಅದನ್ನು ಒಂದೇ ಬೀಸಿಗೆ ಕತ್ತರಿಸಬೇಕು. ಸುಲಭ ಅನಿಸುತ್ತದೆ. ಆದರೆ ಕಾಗದಕ್ಕೆ ಹಿಂದೆ ಆಸರೆಯಿಲ್ಲ. ತೋಳಿನ ಜೋರಿನಿಂದ ಬೀಸಿದರೆ ಕತ್ತಿಯ ಗಾಳಿಗೇ ಅದು ಪಕ್ಕಕ್ಕೆ ಸರಿದುಕೊಳ್ಳುತ್ತದೆ. ಅಲಗು ಒಂದಿಷ್ಟು ಓರೆಯಾದರೂ ಮಡಚಿಕೊಳ್ಳುತ್ತದೆಯೇ ಹೊರತು ತುಂಡಾಗುವುದಿಲ್ಲ. ಸೊಂಟ ತಿರುಗಿ, ಅದರ ಹಿಂದೆ ಕೈ ಬಂದು, ಅಲಗು ನೇರ ದಾರಿಯಲ್ಲಿ ಹಾಯ್ದರೆ ಮಾತ್ರ ಕಾಗದ ಎರಡಾಗುತ್ತದೆ. ಸುಮಾರು 7 ಸೆಂಟಿಮೀಟರ್ ದಪ್ಪದ ದುಂಡು ಬ್ಯಾಟಿನಿಂದ ದುಂಡು ಚೆಂಡನ್ನು ಹೊಡೆಯುವವನಿಗೆ ಬೇಕಾದದ್ದೂ ಇದೇ ದಾರಿ.

ಜನ ಕಾಲು ನೋಡುತ್ತಾರೆ. ನನ್ನ ಮಟ್ಟಿಗೆ ಓ ಅವರ ನಿಜವಾದ ದೊಡ್ಡತನ ಕಣ್ಣಿನದು. ಇಡೀ ವೃತ್ತಿಯಲ್ಲಿ ಸ್ಟ್ರೈಕ್‌ಔಟ್ 1319, ವಾಕ್ (ನಾಲ್ಕು ಕೆಟ್ಟ ಎಸೆತ ಬಂದಾಗ ಪುಕ್ಕಟೆ ಸಿಗುವ ಬೇಸ್) 2390. ಹೊಡೆಯಬಾರದ ಚೆಂಡನ್ನು ಬಿಟ್ಟು ಬಿಟ್ಟು ಅಷ್ಟು ಸಲ ಬೇಸ್ ತಲುಪಿದ್ದಾರೆ. ಎದುರಾಳಿಗಳು 1964ರಲ್ಲಿ ಫೀಲ್ಡರ್‌ಗಳನ್ನೆಲ್ಲ ಬಲಗಡೆಗೆ ಸರಿಸಿ ‘ಓ ಶಿಫ್ಟ್’ ಹೂಡಿದರು. ಖಾಲಿಬಿದ್ದ ಎಡಗಡೆಗೆ ತಟ್ಟಿದ್ದರೆ ಸರಾಸರಿ ಏರುತ್ತಿತ್ತು. ಅವರು ತಮ್ಮ ಹೊಡೆತ ಬದಲಿಸಲಿಲ್ಲ, ಫೀಲ್ಡರ್‌ಗಳ ತಲೆ ಮೇಲೆ ಹೊಡೆದರು. ಆ ವರ್ಷ 55 ಹೋಮ್ ರನ್. ಆ ದಾಖಲೆ 2013ರವರೆಗೆ ನಿಂತಿತು.

ಈಗ 868ರ ತೂಕ. ಕ್ರಿಕೆಟ್ಟಿನ ಸಿಕ್ಸರ್‌ನಂತೆ ಯಾವ ದಿಕ್ಕಿಗಾದರೂ ಹೊಡೆದರೆ ಹೋಮ್ ರನ್ ಆಗುವುದಿಲ್ಲ. ಎರಡು ಫೌಲ್ ಗೆರೆಗಳ ನಡುವೆಯೇ ಬೇಲಿ ದಾಟಬೇಕು. ಜಯಂಟ್ಸ್ ಆಡುತ್ತಿದ್ದ ಕೊರಾಕುಯೆನ್‌ನಲ್ಲಿ ಗೆರೆಯ ಕಡೆ ಆ ಬೇಲಿ ಸುಮಾರು 90 ಮೀಟರ್ ಅಷ್ಟೇ, ಅಮೆರಿಕದ ಹೆಚ್ಚಿನ ಮೈದಾನಗಳಿಗಿಂತ ಹತ್ತಿರ. ರಾಳ ತುಂಬಿಸಿ ಒತ್ತಿದ ಗಟ್ಟಿ ಬ್ಯಾಟ್ ಆಗ ಅಲ್ಲಿ ನಡೆಯುತ್ತಿತ್ತು, ಓ ಕೂಡ ಬಳಸಿದರು. 1981ರಲ್ಲಿ ಅದನ್ನು ನಿಷೇಧಿಸಿದರು. ಪಿಚರ್‌ಗಳ ಮಟ್ಟದಲ್ಲೂ ಅಂತರ ಇತ್ತು. ಇದನ್ನೆಲ್ಲ ಮುಚ್ಚಿಟ್ಟು ಹೊಗಳುವುದು ಸರಿಯಲ್ಲ.

ಇನ್ನೊಂದು ಮಗ್ಗುಲೂ ಇದೆ. ಆಗ ಜಪಾನಿನ ಋತುವಿನಲ್ಲಿ 130ರಿಂದ 140 ಪಂದ್ಯ, ಅಮೆರಿಕದಲ್ಲಿ 162. ಓ ಸರಾಸರಿ 10.7 ಅಟ್-ಬ್ಯಾಟ್‌ಗೆ (ಬ್ಯಾಟ್ ಹಿಡಿದ ಸರದಿಗೆ) ಒಂದು ಹೋಮ್ ರನ್ ಹೊಡೆದರೆ ಆರನ್ 16.4ಕ್ಕೆ ಒಂದು. ಪ್ರವಾಸ ಬಂದ ಅಮೆರಿಕದ ತಂಡಗಳ ಎದುರು ಆಡಿದ 110 ಪಂದ್ಯಗಳಲ್ಲಿ ಓ 25 ಸಲ ಬೇಲಿ ದಾಟಿಸಿದ್ದಾರೆ. ಅಮೆರಿಕದಲ್ಲಿ ಆಡಿದ್ದರೆ 868 ಆಗುತ್ತಿರಲಿಲ್ಲ, ಆದರೆ ಅಲ್ಲಿಯೂ ಮೊದಲ ಸಾಲಿನ ಬ್ಯಾಟರ್ ಆಗಿರುತ್ತಿದ್ದರು ಎಂದು ನಾನು ನಂಬುತ್ತೇನೆ. ಅವರು ಆರನ್ ಅವರ 755 ದಾಟಿ 756ನೆಯದನ್ನು ಹೊಡೆದದ್ದು 1977ರ ಸೆಪ್ಟೆಂಬರ್ 3ರಂದು, ಯಾಕುಲ್ಟ್ ಸ್ವಾಲೋಸ್ ವಿರುದ್ಧ. 1980ರಲ್ಲಿ ನಿವೃತ್ತರಾದಾಗ ಆ ವರ್ಷವೂ 30 ಹೋಮ್ ರನ್ ಇದ್ದವು, ಆದರೆ ಸರಾಸರಿ .236ಕ್ಕೆ ಇಳಿದಿತ್ತು. ಮುಂದೆ ಮ್ಯಾನೇಜರ್ ಆಗಿ 2006ರ ಮೊದಲ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಅನ್ನು ಜಪಾನಿಗೆ ಗೆದ್ದುಕೊಟ್ಟರು.

ಕೊನೆಯದು, ಕ್ರಿಕೆಟ್. ಭಂಗಿಯನ್ನು ಹಾಗೇ ಎತ್ತಿಕೊಳ್ಳಬೇಡಿ. ಬೇಸ್‌ಬಾಲ್ ಚೆಂಡು ಪುಟಿಯದೆ ಬರುತ್ತದೆ. ಕ್ರಿಕೆಟ್ಟಿನಲ್ಲಿ ಚೆಂಡು ಎಲ್ಲಿ ಪುಟಿಯುತ್ತದೆ ಎಂದು ನೋಡಿ ಹಿಂದಕ್ಕೋ ಮುಂದಕ್ಕೋ ಹೋಗಲು ಎರಡೂ ಕಾಲು ಬಿಡುವಾಗಿರಬೇಕು. ಚೆಂಡು ಬರುವ ಮೊದಲೇ ಮುಂಗಾಲು ಊರುವ ಚಾಳಿ ನಿಮಗಿದ್ದರೆ ಮಾತ್ರ ಇದನ್ನು ಕಸರತ್ತಾಗಿ ಬಳಸಿ. ಚೆಂಡಿಲ್ಲದೆ, ಕನ್ನಡಿ ಮುಂದೆ ನಿಂತು ಮುಂಮೊಣಕಾಲು ಎತ್ತಿ, ಐದು ಎಣಿಸುವವರೆಗೆ ತಡೆದು, ಆಮೇಲೆ ಬೀಸಿ. ದಿನಕ್ಕೆ ಇಪ್ಪತ್ತು ಸಲ ಸಾಕು. ಕಾಲೆತ್ತಿದಾಗ ಹಿಂಗಾಲಿನ ಮೊಣಕಾಲು ಹೊರಕ್ಕೆ ವಾಲಿದರೆ ಅಥವಾ ತಲೆ ಹಿಂದಕ್ಕೆ ಹೋದರೆ ಅಲ್ಲಿಗೇ ನಿಲ್ಲಿಸಿ, ಮೊಣಕಾಲನ್ನು ಇನ್ನಷ್ಟು ಕೆಳಗಿಟ್ಟು ಮತ್ತೆ ಶುರು ಮಾಡಿ.