ತಿನ್ನದೇ ಇದ್ದದ್ದಕ್ಕೆ ಮಗು ಸಣ್ಣಗೆ ಹುಟ್ಟಿತಾ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಕೆ ಮೂರು ತಿಂಗಳ ಬಸುರಿ, ಇದು ಎರಡನೆಯದು. ಅತ್ತೆಯ ಜೊತೆ ಬಂದಿದ್ದಳು. ಊಟ ಸೇರುತ್ತಿಲ್ಲ, ನಿದ್ದೆ ಇಲ್ಲ, ಸುಮ್ನೆ ಅಳುತ್ತಾಳೆ ಅಂತ ಡಾಕ್ಟರು ನನ್ನ ಹತ್ತಿರ ಕಳಿಸಿದ್ದರು.

ಮೊದಲ ಮಗು ಎಂಟನೇ ತಿಂಗಳಲ್ಲೇ ಸಿಸೇರಿಯನ್ ಆಗಿ ಹುಟ್ಟಿತ್ತು. ತೂಕ 1.7 ಕೆಜಿ. ಈಗ ಆ ಹುಡುಗ ಮನೆ ತುಂಬ ಓಡಾಡಿಕೊಂಡಿದ್ದಾನೆ. ಆದರೂ ಮನೆಯವರ ಮಾತು ನಿಂತಿಲ್ಲ. "ಇವಳು ನೆಟ್ಟಗೆ ಉಣ್ಣಲಿಲ್ಲ, ಮಗು ಕಡ್ಡಿ ಆಯ್ತು." ಈ ಸಲ ಹಾಗಾಗಬಾರದು ಅಂತ ಅತ್ತೆ ಎದುರಿಗೇ ಕೂತು ಎರಡೆರಡು ಮುದ್ದೆ ಉಣ್ಣಿಸುತ್ತಿದ್ದರು. ಆಕೆ ಬಚ್ಚಲಿಗೆ ಹೋಗಿ ಕಕ್ಕುತ್ತಿದ್ದಳು.

ಹಳೆಯ ತಾಯಿ ಕಾರ್ಡ್ ಕೇಳಿದೆ. ಮಡಿಕೆಗಳಲ್ಲಿ ಹರಿದಿತ್ತು, ಓದಲು ಬರುತ್ತಿತ್ತು. ಆರು ತಿಂಗಳ ತನಕ ತೂಕ ಸರಿಯಾಗೇ ಏರಿದೆ. ಹಿಮೋಗ್ಲೋಬಿನ್ 11.4. ಬಿಪಿ ಮೊದಲು 110/70 ಇದ್ದದ್ದು ಎಂಟನೇ ತಿಂಗಳಿಗೆ 160/100. ಮೂತ್ರದಲ್ಲಿ ಪ್ರೋಟೀನ್. ಸ್ಕ್ಯಾನಿಂಗ್ ವರದಿಯಲ್ಲಿ ಮಾಸಿಗೆ (ಪ್ಲಾಸೆಂಟಾ, ತಾಯಿಯಿಂದ ಮಗುವಿಗೆ ಆಹಾರ ದಾಟಿಸುವ ಅಂಗ) ರಕ್ತದ ಹರಿವು ಕಡಿಮೆ ಅಂತ ಬರೆದಿತ್ತು. ಇಷ್ಟು ದಿನ ಆ ಸಾಲನ್ನು ಯಾರೂ ಆಕೆಗೆ ಬಿಡಿಸಿ ಹೇಳಿರಲಿಲ್ಲ.

ಕಾಗದದ ಮೇಲೆ ಚಿತ್ರ ಬರೆದು ಇಬ್ಬರಿಗೂ ತೋರಿಸಿದೆ. ನೀನು ತಿಂದದ್ದು ನೇರವಾಗಿ ಮಗುವಿನ ಬಾಯಿಗೆ ಹೋಗುವುದಿಲ್ಲ. ಮೊದಲು ನಿನ್ನ ರಕ್ತಕ್ಕೆ ಸೇರಬೇಕು, ಆ ರಕ್ತ ಗರ್ಭಕೋಶಕ್ಕೆ ಬರಬೇಕು. ಅಲ್ಲಿ ಇರುವುದೇ ಮಾಸು. ಕೆರೆಗೆ ಇಳಿಬಿದ್ದ ಬೇರುಗಳ ಹಾಗೆ ಮಗುವಿನ ಕಡೆಯ ಸಣ್ಣ ಸಣ್ಣ ಕವಲುಗಳು ತಾಯಿಯ ರಕ್ತದಲ್ಲಿ ಮುಳುಗಿರುತ್ತವೆ. ಎರಡು ರಕ್ತವೂ ಬೆರೆಯುವುದಿಲ್ಲ, ನಡುವೆ ತೆಳ್ಳಗಿನ ಪದರ ಇದೆ. ಸಕ್ಕರೆ ಅಂಶ ತಾಯಿಯಲ್ಲಿ ಜಾಸ್ತಿ, ಮಗುವಿನಲ್ಲಿ ಕಡಿಮೆ. ಹಾಗಾಗಿ ಅದು ಆ ಕಡೆಗೆ ದಾಟುತ್ತದೆ. ಪ್ರೋಟೀನಿನ ಅಂಶ ಹಾಗಲ್ಲ. ಮಾಸು ತನ್ನ ಶಕ್ತಿ ಖರ್ಚು ಮಾಡಿ ಅದನ್ನು ಎಳೆದುಕೊಳ್ಳಬೇಕು. ಕಬ್ಬಿಣ, ಕ್ಯಾಲ್ಸಿಯಂಗೂ ಅದು ದುಡಿಯಲೇಬೇಕು. ಹುಟ್ಟುವ ಹೊತ್ತಿಗೆ ಮಗುವಿನ ಮೈಯಲ್ಲಿ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಹೆಚ್ಚಿನದು ಕೊನೆಯ ಮೂರು ತಿಂಗಳಲ್ಲಿ ಸೇರಿದ್ದು. ದಾಟಿದ್ದೆಲ್ಲ ಹೊಕ್ಕುಳ ಬಳ್ಳಿಯ ಒಂದು ಅಭಿಧಮನಿಯಲ್ಲಿ ಮಗುವಿಗೆ ಹೋಗುತ್ತದೆ. ಮಗು ಬಿಟ್ಟ ಕಲ್ಮಶ ಎರಡು ಅಪಧಮನಿಗಳಲ್ಲಿ ವಾಪಸ್ ಬರುತ್ತದೆ.

ಆಕೆಗೆ ಏನಾಗಿತ್ತು? ಬಸುರಿನ ಮೊದಲ ಅರ್ಧದಲ್ಲಿ ಮಾಸಿನ ಕೋಶಗಳು ಗರ್ಭಕೋಶದ ಗೋಡೆಯ ರಕ್ತನಾಳಗಳನ್ನು ಅಗಲ ಮಾಡಬೇಕು. ಕೆಲವರಲ್ಲಿ ಅದು ಸರಿಯಾಗಿ ಆಗುವುದಿಲ್ಲ. ಆಮೇಲೆ ತಾಯಿಗೆ ಬಿಪಿ ಏರುತ್ತದೆ, ಮಗುವಿಗೆ ಆಹಾರ, ಆಮ್ಲಜನಕ ಎರಡೂ ಸಾಲುವುದಿಲ್ಲ. ತಟ್ಟೆಯಲ್ಲಿ ಎಷ್ಟಿದ್ದರೂ ದಾಟುವ ಜಾಗವೇ ಕಿರಿದು. "ಹಾಗಾದ್ರೆ ನಾನು ತಿನ್ನದೇ ಇದ್ದದ್ದಕ್ಕಲ್ವಾ?" ಅಂದಳು. ಅಲ್ಲ ಎಂದೆ. ಅತ್ತೆಯ ಕಡೆ ನೋಡಿಕೊಂಡೇ ಹೇಳಿದೆ.

ಅತ್ತೆ ಸುಮ್ಮನಿರಲಿಲ್ಲ. "ತಿನ್ನದೇ ಇದ್ರೂ ನಡೆಯುತ್ತಾ ಹಾಗಾದ್ರೆ?" ನ್ಯಾಯವಾದ ಪ್ರಶ್ನೆ. ನಡೆಯುವುದಿಲ್ಲ. ತಾಯಿಗೇ ರಕ್ತ ಕಡಿಮೆ ಇದ್ದರೆ ಮಾಸು ಎಲ್ಲಿಂದ ತಂದೀತು? ಕಡಿಮೆ ತಿಂದರೆ ಹೆರಿಗೆ ಸಲೀಸು ಅಂತ ಬಸುರಿಯನ್ನು ಅರೆಹೊಟ್ಟೆಯಲ್ಲಿಡುವ ಮನೆಗಳನ್ನೂ ನೋಡಿದ್ದೇನೆ, ಅದೂ ತಪ್ಪು. ಆದರೆ ಇಬ್ಬರ ಊಟ ಒಬ್ಬಳೇ ಉಣ್ಣಬೇಕಿಲ್ಲ. ನಾಲ್ಕನೇ ತಿಂಗಳಿಂದ ದಿನಕ್ಕೆ ಸುಮಾರು 350 ಕ್ಯಾಲೊರಿ ಜಾಸ್ತಿ ಸಾಕು. ಒಂದು ಚಪಾತಿ ಪಲ್ಯ, ಒಂದು ಲೋಟ ಹಾಲು, ಒಂದು ಬಾಳೆಹಣ್ಣು ಅಂದರೆ ಹೆಚ್ಚುಕಡಿಮೆ ಅಷ್ಟಾಯಿತು. ಕೇಸರಿ ಹಾಕಿದರೆ ಮಗು ಬೆಳ್ಳಗಾಗುತ್ತದಾ ಅಂತಲೂ ಕೇಳಿದರು. ಇಲ್ಲ, ಹಾಲು ಮಾತ್ರ ನಿಲ್ಲಿಸಬೇಡಿ ಎಂದೆ.

ಸದ್ಯಕ್ಕೆ ಬಲವಂತ ಬೇಡ, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಲಿ ಎಂದೆ. ನೀರೂ ನಿಲ್ಲದಷ್ಟು ವಾಂತಿ ಆದರೆ ತಕ್ಷಣ ಡಾಕ್ಟರ ಹತ್ತಿರ ಹೋಗಬೇಕು. ಕಬ್ಬಿಣದ ಮಾತ್ರೆ ಶುರುವಾದ ಮೇಲೆ ಅದನ್ನು ಕಾಫಿ ಟೀ ಜೊತೆ ತೆಗೆದುಕೊಳ್ಳಬಾರದು, ನಿಂಬೆ ಪಾನಕ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ.

ಇದಕ್ಕಿಂತ ಮುಖ್ಯವಾದದ್ದು ಮಾತಿನ ನಡುವೆ ಹೊರಬಂತು. ಡಾಕ್ಟರು ಕಡಿಮೆ ಪ್ರಮಾಣದ ಆಸ್ಪಿರಿನ್ ಬರೆದಿದ್ದರು. "ಉಷ್ಣ, ರಕ್ತ ಹೋಗುತ್ತೆ" ಅಂತ ಮನೆಯಲ್ಲಿ ನಿಲ್ಲಿಸಿದ್ದರು. ಹಿಂದಿನ ಸಲ ಹೀಗೆ ಬಿಪಿ ಏರಿದ್ದವರಿಗೆ ಅದು ಮತ್ತೆ ಬರುವ ಸಾಧ್ಯತೆ ಕಡಿಮೆ ಮಾಡಲೆಂದೇ ಆ ಮಾತ್ರೆ ಕೊಡುತ್ತಾರೆ. ಸಾಧ್ಯವಾದರೆ 16 ವಾರದೊಳಗೇ ಶುರುಮಾಡಬೇಕು. ಅವತ್ತೇ ಡಾಕ್ಟರನ್ನು ಕಂಡು ಮಾತಾಡಿಕೊಂಡು ಹೋಗಿ ಎಂದು ಕಳಿಸಿದೆ. (ಓದುತ್ತಿರುವವರು ತಾವಾಗೇ ನುಂಗಬೇಡಿ.)

ಅತ್ತೆಗೆ ಬೇರೆ ಕೆಲಸ ಕೊಟ್ಟೆ. ಬಿಪಿ ನೋಡಿಸುವ ದಿನ, ಸ್ಕ್ಯಾನಿಂಗ್ ದಿನ ಎರಡನ್ನೂ ತಪ್ಪಿಸದೇ ಕರೆದುಕೊಂಡು ಬರುವುದು. ಈಗ ಏಳನೇ ತಿಂಗಳು, ಮಗುವಿನ ಬೆಳವಣಿಗೆ ಸರಿಯಾಗಿದೆ, ಬಿಪಿ ಏರಿಲ್ಲ. ಜೋರು ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಯ ಕೆಳಗೆ ನೋವು, ಮಗುವಿನ ಒದೆತ ಕಡಿಮೆಯಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ ಎಂದು ಹೇಳಿ, ಹೊಸ ಕಾರ್ಡಿನ ಹಿಂದೆ ಬರೆದೂ ಕೊಟ್ಟಿದ್ದೇನೆ.