ಸಾಲದ ಚಿಂತೆಗೆ ಮಾತ್ರೆ ಯಾಕೆ?

ಪ್ರಶ್ನೆ: ನನ್ನ ಹೆಸರಿನಲ್ಲಿ ಮೂರು ಫೈನಾನ್ಸ್‌ಗಳ ಗುಂಪು ಸಾಲ ಇದೆ. ತಿಂಗಳಿಗೆ 9,600 ರೂಪಾಯಿ ಕಂತು. ಇಬ್ಬರ ಕೂಲಿ ಸೇರಿ ಬರುವುದು 15,000. ನಮ್ಮ ಯಜಮಾನರಿಗೆ ಎರಡು ತಿಂಗಳಿಂದ ನಿದ್ದೆಯಿಲ್ಲ, ‘ನಾನಿದ್ದೇನು ಪ್ರಯೋಜನ’ ಅನ್ನುತ್ತಾರೆ. ಡಾಕ್ಟರು ಖಿನ್ನತೆ ಎಂದು ಮಾತ್ರೆ ಕೊಟ್ಟರು. ಹತ್ತು ದಿನ ನುಂಗಿ ಬಿಟ್ಟರು. ಸಾಲದ ಚಿಂತೆಗೆ ಮಾತ್ರೆ ಯಾಕೆ?
– ಓದುಗರೊಬ್ಬರು, ಚಾಮರಾಜನಗರ ಜಿಲ್ಲೆ

ಉತ್ತರ: ಮೊದಲು ಅವರಾಡುವ ಆ ಮಾತಿನ ಬಗ್ಗೆ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ತಾಯಿ. ‘ಸಾಯುವ ಯೋಚನೆ ಬರುತ್ತಿದೆಯಾ’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬೆಳೆಗೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಇವತ್ತೇ ಬೇರೆಯವರ ಮನೆಯಲ್ಲಿ ಬೀಗ ಹಾಕಿಡಿಸಿ. ಆ ಪ್ರಶ್ನೆಗೆ ಅವರು ಹೌದು ಎಂದರೆ ಒಬ್ಬರನ್ನೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಸಾಲದಿಂದ ಶುರುವಾದರೂ ಅದು ಕಾಯಿಲೆಯೇ. ಈ ಮಾತ್ರೆ ಹಿಡಿಯಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಹೊಟ್ಟೆ ತೊಳಸುವುದು, ಮಂಪರು ಮಾತ್ರ ಮೊದಲ ವಾರವೇ ಬರುತ್ತವೆ. ಹಾಗಾಗಿ ಹತ್ತು ದಿನಕ್ಕೆ ಬಿಟ್ಟವರಿಗೆ ತೊಂದರೆಯಷ್ಟೇ ಕಂಡಿರುತ್ತದೆ. ಡಾಕ್ಟರನ್ನು ಕೇಳಿ ಮತ್ತೆ ಶುರು ಮಾಡಿ. ಗುಣವಾದ ಮೇಲೂ ಸುಮಾರು 6 ತಿಂಗಳು ನಿಲ್ಲಿಸುವಂತಿಲ್ಲ.

ಆಸ್ಪತ್ರೆಗೆ ಹೋದರೆ ನಿಮಗೆ ಬಸ್ ಟಿಕೆಟ್ ಇಲ್ಲದಿದ್ದರೂ ಇಬ್ಬರ ಒಂದು ದಿನದ ಕೂಲಿ ಹೋಗುತ್ತದೆ. ಬಹಳ ಜನರ ಚಿಕಿತ್ಸೆ ನಿಲ್ಲುವುದು ಇಲ್ಲೇ. ತಾಲ್ಲೂಕು ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಗೆಂದೇ ನಡೆಯುವ ‘ಮನೋಚೈತನ್ಯ’ ಕ್ಲಿನಿಕ್ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯಿಂದ ತಿಳಿದುಕೊಂಡು ಹೋಗಿ. ಸ್ಥಿರವಾದ ಮೇಲೆ ಒಂದು ತಿಂಗಳ ಮಾತ್ರೆ ಒಟ್ಟಿಗೆ ಕೇಳಿ, ಅದು ನಿಮ್ಮ ಕೈಯಲ್ಲಿರಲಿ. ಬಡವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾನಸಿಕ ಚಿಕಿತ್ಸೆ ಉಚಿತ. ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ ಉಚಿತ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ಇನ್ನು ಸಾಲ. ಇಂಥ ಸಣ್ಣ ಸಾಲಗಳಿಗೆ (ಮೈಕ್ರೋಫೈನಾನ್ಸ್) ರಿಸರ್ವ್ ಬ್ಯಾಂಕ್ ಮಾಡಿದ 2022ರ ನಿಯಮದಂತೆ ಎಲ್ಲ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ನಿಮ್ಮ ಲೆಕ್ಕಕ್ಕೆ ಅದು 7,500. ಸಾಲ ಕೊಟ್ಟಾಗಲೂ ಆದಾಯ ಇಷ್ಟೇ ಇದ್ದಿದ್ದರೆ, ಲೆಕ್ಕ ನೋಡದೆ ಕೊಟ್ಟವರದೂ ತಪ್ಪು. ಮೂರೂ ಸಾಲದ ಬಾಕಿ, ಕಂತು, ಕೊನೆಯ ದಿನಾಂಕ ಒಂದೇ ಹಾಳೆಯಲ್ಲಿ ಬರೆದು, ಕಂತು ಇಳಿಸಿ ಅವಧಿ ಹೆಚ್ಚಿಸಿ ಎಂದು ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ವಸೂಲಿಯವರು ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ, ಬೈಯುವಂತಿಲ್ಲ. ಮಾಡಿದರೆ ದಿನಾಂಕ, ಸಮಯ ಬರೆದಿಟ್ಟು ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು. ದಾರಿ ತಿಳಿಯಲು ರಿಸರ್ವ್ ಬ್ಯಾಂಕಿನ 14448ಕ್ಕೆ ಕರೆ ಮಾಡಿ.

ಸಾಲದ ಲೆಕ್ಕ ಬರೆದ ಆ ಹಾಳೆಯನ್ನು ಕ್ಲಿನಿಕ್ ಇರುವ ಮಂಗಳವಾರ ಡಾಕ್ಟರಿಗೂ ತೋರಿಸಿ.