ಮೀಟರಿನ ಕೆಂಪು ದೀಪದ ಮುಂದೆ ಎರಡು ನಿಮಿಷ

ಪ್ರಶ್ನೆ: ದಿನವೂ ಒಂದು ಗಂಟೆ ಮೊಬೈಲ್‌ನಲ್ಲಿ ವಿಜ್ಞಾನ, ಇತಿಹಾಸದ ವಿಡಿಯೊ ನೋಡುತ್ತೇನೆ. ವಾರ ಕಳೆದರೆ ಒಂದೂ ನೆನಪಿರುವುದಿಲ್ಲ. ನನಗೆ 52 ವರ್ಷ. ಕಲಿಯುವ ವಯಸ್ಸು ಮುಗಿಯಿತೇ? ಮನೆಗೆಲಸದ ನಡುವೆ ಬೇರೆ ಬಿಡುವೂ ಇಲ್ಲ. (ಗೃಹಿಣಿ, ದಾವಣಗೆರೆ)

ಇದೇ ಪ್ರಶ್ನೆ ಊರು, ವಯಸ್ಸು ಬದಲಿಸಿಕೊಂಡು ತಿಂಗಳು ತಿಂಗಳೂ ಬರುತ್ತದೆ. ವಯಸ್ಸಿನ ಮಾತು ಬಿಡಿ. ಕೇರಳದ ಕಾರ್ತ್ಯಾಯಿನಿ ಅಮ್ಮ 2018ರಲ್ಲಿ, 96ನೇ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ಪಡೆದರು. ನಿಮ್ಮನ್ನು ಕೆಡಿಸಿರುವುದು ವಯಸ್ಸಲ್ಲ, ನೋಡಿದ್ದೆಲ್ಲ ಕಲಿತಂತೆ ಎಂಬ ನಂಬಿಕೆ.

ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಕೆಲವರು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಒಮ್ಮೆ ಓದಿ, ಹಾಳೆ ಮುಚ್ಚಿಟ್ಟು, ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದಾದರು. ವಿಡಿಯೊ ನಿಮಗೆ ಕೊಡುವುದು ಆ ಐದು ನಿಮಿಷದ ಗೆಲುವನ್ನು ಮಾತ್ರ.

ಬಿಡುವಿಲ್ಲ ಎಂದಿರಿ. ಹಾಗಾದರೆ ಮನೆಯ ವಿದ್ಯುತ್ ಮೀಟರಿನ ಮುಂದೆ ಎರಡು ನಿಮಿಷ ನಿಲ್ಲಿ. ಅದರಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಹತ್ತಿರದಲ್ಲೇ ಸಣ್ಣ ಅಕ್ಷರದಲ್ಲಿ 3200 ಎಂದೋ 1600 ಎಂದೋ ಅಚ್ಚಾಗಿರುತ್ತದೆ. ಒಂದು ಯೂನಿಟ್ ಖರ್ಚಾಗುವಷ್ಟರಲ್ಲಿ ದೀಪ ಅಷ್ಟು ಸಲ ಮಿನುಗುತ್ತದೆ. ಸಾವಿರ ವ್ಯಾಟ್‌ನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್.

ಈಗ ಎಲ್ಲ ಆರಿಸಿ, ಒಂದು ಫ್ಯಾನ್ ಮಾತ್ರ ಹಾಕಿ. ನಿಮಿಷಕ್ಕೆ ಎಷ್ಟು ಸಲ ಮಿನುಗಬಹುದು? ಎಣಿಸುವ ಮೊದಲು ನಿಮ್ಮ ಊಹೆಯನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆಯಿರಿ. ಈ ಹೆಜ್ಜೆಯನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ, ನನಗೆ ಸಿಟ್ಟು ಬರುವುದೂ ಇದಕ್ಕೇ. ನನ್ನ ಸಂಜೆ ತರಗತಿಯಲ್ಲಿ ಹೆಚ್ಚಿನವರು ಇಪ್ಪತ್ತು, ಮೂವತ್ತು ಎನ್ನುತ್ತಾರೆ. 3200ರ ಮೀಟರಿನಲ್ಲಿ 75 ವ್ಯಾಟ್‌ನ ಫ್ಯಾನಿಗೆ ಬರುವುದು ನಾಲ್ಕೇ. ಆಮೇಲೆ 2000 ವ್ಯಾಟ್‌ನ ಗೀಸರ್ ಹಾಕಿ. ನಿಮಿಷಕ್ಕೆ ನೂರು ದಾಟುತ್ತದೆ. ಒಂದು ಗೀಸರ್ ಎಂದರೆ ಇಪ್ಪತ್ತಾರು ಫ್ಯಾನಿಗೂ ಮೇಲು ಎಂಬುದನ್ನು ಹೀಗೆ ಎಣಿಸಿ ತಿಳಿದವರು ಮರೆತದ್ದನ್ನು ನಾನು ಕಂಡಿಲ್ಲ. ತಪ್ಪಿದ ಊಹೆ ಅಷ್ಟು ಚುಚ್ಚುತ್ತದೆ.

ಒಮ್ಮೆ ತರಗತಿಯ ಟೈಲರ್ ಒಬ್ಬರು ಇಸ್ತ್ರಿಪೆಟ್ಟಿಗೆ ಹಾಕಿ ಎಣಿಸತೊಡಗಿದರು. ಓಡುತ್ತಿದ್ದ ದೀಪ ನಡುವೆ ಹಠಾತ್ತನೆ ನಿಂತಂತಾಯಿತು. ಮೀಟರ್ ಕೆಟ್ಟಿತೆಂದು ಗಾಬರಿಯಾದರು. ಸ್ವಲ್ಪ ಹೊತ್ತಿಗೆ ಇಸ್ತ್ರಿಯೊಳಗಿಂದ ‘ಟಕ್’ ಎಂದಿತು, ದೀಪ ಮತ್ತೆ ಓಡಿತು. ಬೇಕಾದಷ್ಟು ಕಾದೊಡನೆ ತಾನಾಗಿ ವಿದ್ಯುತ್ ಕಡಿದುಕೊಳ್ಳುವ ಥರ್ಮೋಸ್ಟಾಟ್ ಅದು. ಮೂವತ್ತು ವರ್ಷ ಆ ‘ಟಕ್’ ಕೇಳಿದ್ದೇನೆ, ಏನೆಂದು ಇವತ್ತು ತಿಳಿಯಿತು ಎಂದರು.

ಮೂರು ದಿನ ಬಿಟ್ಟು, ಒಲೆಯ ಮುಂದೆ ನಿಂತಾಗ, ಫ್ಯಾನ್, ಗೀಸರಿನ ಆ ಲೆಕ್ಕವನ್ನು ಏನೂ ನೋಡದೆ ಮನೆಯವರಿಗೆ ಹೇಳಿ. ತೊಡರಿದಲ್ಲಿ ಮಾತ್ರ ಮೀಟರಿಗೆ ಮರಳಿ. ತಿಂಗಳ ಬಿಲ್ ಬರುವ ಮೊದಲು ಯೂನಿಟ್ ಊಹಿಸಿ. ಗೃಹಜ್ಯೋತಿಯಲ್ಲಿ ಮೊತ್ತ ಸೊನ್ನೆ ಬಂದರೂ ಯೂನಿಟ್ ಅಂಕಿ ಇದ್ದೇ ಇರುತ್ತದೆ. ವಿಡಿಯೊ ನೋಡಲೇಬೇಕೆಂದರೆ ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಮೊಬೈಲ್ ಬೋರಲು ಹಾಕಿ, ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ.

ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ: ಮೀಟರಿನ ಸೀಲ್ ಮುಟ್ಟಬಾರದು, ಫ್ಯೂಸ್ ಕೀಳಬಾರದು, ಒದ್ದೆ ಕೈಯಲ್ಲಿ ಹತ್ತಿರ ಹೋಗಬಾರದು. ಮೀಟರ್ ಎತ್ತರದಲ್ಲಿದ್ದರೆ ಸ್ಟೂಲ್ ಹತ್ತುವುದೂ ಬೇಡ, ಬೇರೆ ವಿಷಯ ಹಿಡಿಯಿರಿ. ಸಂತೆಯಲ್ಲಿ ತಕ್ಕಡಿಗೆ ಹಾಕುವ ಮೊದಲು ಕುಂಬಳಕಾಯಿಯ ತೂಕ ಊಹಿಸಬಹುದು.

ಪ್ರಶ್ನೆ: ಸ್ಮರಣಶಕ್ತಿಯ ಪುಡಿ ಯಾವುದು ಒಳ್ಳೆಯದು?

ಯಾವುದೂ ಬೇಡ. ನಡೆದು ಗೊತ್ತಿದ್ದ ದಾರಿ, ಹತ್ತಿರದವರ ಹೆಸರು ಮರೆಯತೊಡಗಿದರೆ ನರರೋಗ ತಜ್ಞರ ಬಳಿ ಹೋಗಿ, ಪುಡಿ ಮಾರುವವರ ಬಳಿ ಅಲ್ಲ.

ಪ್ರಶ್ನೆ: ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ‘ಮಿಡ್‌ಬ್ರೈನ್’ ಶಿಬಿರಕ್ಕೆ ದೊಡ್ಡವರೂ ಸೇರಬಹುದೇ?

ಅದು ವಂಚನೆ. ಮೂಗಿನ ಪಕ್ಕದ ಸಂದಿನಿಂದ ಇಣುಕಿ ಓದುತ್ತಾರೆ. ಹಣ ಕಟ್ಟಿದ್ದರೆ ವಾಪಸ್ ಕೇಳಿ.

ಪ್ರಶ್ನೆ: ನಾನು ನೋಡಿ ಕಲಿಯುವ ಬಗೆಯವನು, ಓದು ನನಗೆ ಒಗ್ಗುವುದಿಲ್ಲ. ಏನು ಮಾಡಲಿ?

ಹಾಗೆ ಮನುಷ್ಯರನ್ನು ಬಗೆ ಬಗೆಯಾಗಿ ವಿಂಗಡಿಸಿ ಕಲಿಸಿದರೆ ಲಾಭ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಓದಿ.

ಪ್ರಶ್ನೆ: ಹೀಗೆ ಮನೆಯಲ್ಲೇ ಕಲಿತದ್ದಕ್ಕೆ ಪ್ರಮಾಣಪತ್ರ ಎಲ್ಲಿ ಸಿಗುತ್ತದೆ?

ಸಿಗುವುದಿಲ್ಲ. ಪದವಿಯೇ ಬೇಕಿದ್ದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಶುಲ್ಕ ಕಟ್ಟುವ ಮೊದಲು ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ ಎಂದು ನೀವೇ ನೋಡಿಕೊಳ್ಳಿ, ಮಧ್ಯವರ್ತಿಯ ಮಾತು ನಂಬಬೇಡಿ.